ಕೇಳದೆ ಬರೆದ ಗೋಡೆಚಿತ್ರ: ಓದುವ, ದಾಖಲಿಸುವ ಬಗೆ

ಯಾರ ಅನುಮತಿಯನ್ನೂ ಕೇಳದೆ ಬರೆದ ಗೋಡೆಚಿತ್ರದ ಆಯುಸ್ಸು ಎಷ್ಟೆಂದು ಅದನ್ನು ಬರೆದವರಿಗೂ ಗೊತ್ತಿರುವುದಿಲ್ಲ. ರಾತ್ರಿ ಮೂಡಿದ್ದು ಮಧ್ಯಾಹ್ನದೊಳಗೆ ಬಣ್ಣದಡಿ ಮುಚ್ಚಿಹೋಗಬಹುದು. ಯಾರ ಕಣ್ಣಿಗೂ ಬೀಳದೆ ವರ್ಷಗಟ್ಟಲೆ ಉಳಿಯಲೂಬಹುದು. ಮುಂದೆ ಅದರ ಬಗ್ಗೆ ಯಾರಾದರೂ ಆಧಾರದಿಂದ ಮಾತಾಡಬೇಕಾದರೆ ದಾಖಲೆ ಬೇಕು. ದಾಖಲೆ ಎಂದರೆ ಚಿತ್ರ ಚೆನ್ನಾಗಿ ಬಂದಿರುವ ಒಂದು ಫೋಟೊ ಎಂದು ತಿಳಿದವರೇ ಹೆಚ್ಚು. ಆದರೆ ಚೌಕಟ್ಟಿನ ತುಂಬ ಚಿತ್ರವನ್ನಷ್ಟೇ ತುಂಬಿಸಿದ ಫೋಟೊದಲ್ಲಿ ಅರ್ಧ ಕೃತಿ ಕಾಣೆಯಾಗಿರುತ್ತದೆ. ಈ ಕಲೆಯಲ್ಲಿ ಜಾಗ ಆರಿಸುವುದೇ ಮೊದಲ ಗೆರೆ. ಯಾರ ಗೋಡೆ, ಎಷ್ಟು ಎತ್ತರದಲ್ಲಿ, ಯಾವುದಕ್ಕೆ ಮುಖ ಮಾಡಿ, ಯಾವ ವಾರದಲ್ಲಿ ಬಂತು ಎನ್ನುವುದು ಗೊತ್ತಾದರೆ ಯಾಕೆ ಬಂತು ಎಂಬುದೂ ಬಹುಪಾಲು ಗೊತ್ತಾಗುತ್ತದೆ.

2012ರ ಮೇ ತಿಂಗಳಲ್ಲಿ ಉತ್ತರ ಲಂಡನ್ನಿನ ವುಡ್ ಗ್ರೀನ್‌ನಲ್ಲಿ ಗುರುತು ಮರೆಸಿಕೊಂಡ ಬ್ರಿಟಿಷ್ ಕಲಾವಿದ ಬ್ಯಾಂಕ್ಸಿಯ ಒಂದು ಸ್ಟೆನ್ಸಿಲ್ (ಆಕಾರ ಕತ್ತರಿಸಿದ ಹಾಳೆಯನ್ನು ಗೋಡೆಗಿಟ್ಟು ಬಣ್ಣ ಹಾಯಿಸಿ ಮೂಡಿಸಿದ ಚಿತ್ರ) ಕಾಣಿಸಿಕೊಂಡಿತು. ಮಂಡಿಯೂರಿದ ಹುಡುಗನೊಬ್ಬ ಹೊಲಿಗೆ ಯಂತ್ರದಲ್ಲಿ ಬ್ರಿಟಿಷ್ ಧ್ವಜದ ತೋರಣ ಹೊಲಿಯುತ್ತಿರುವ ಚಿತ್ರ. ರಾಣಿಯ ಆಳ್ವಿಕೆಗೆ 60 ವರ್ಷ ತುಂಬಿದ ಸಂಭ್ರಮಕ್ಕೆ ಇಡೀ ದೇಶ ಅದೇ ತೋರಣ ಕಟ್ಟುತ್ತಿತ್ತು. ಚಿತ್ರವಿದ್ದದ್ದು ಅಗ್ಗದ ಸಾಮಾನಿನ ಅಂಗಡಿಯ ಪಕ್ಕದ ಗೋಡೆಯ ಮೇಲೆ, ಪಾದಚಾರಿಯ ಕಾಲಮಟ್ಟದಲ್ಲಿ. 2013ರ ಫೆಬ್ರುವರಿಯಲ್ಲಿ ಗೋಡೆಯನ್ನು ಕತ್ತರಿಸಿ ತೆಗೆದು ಅಮೆರಿಕದ ಮಯಾಮಿಯಲ್ಲಿ ಹರಾಜಿಗಿಟ್ಟರು. ಊರಿನವರ ಪ್ರತಿಭಟನೆಯ ನಡುವೆ ಅಲ್ಲಿಂದ ಹಿಂತೆಗೆದು, ಅದೇ ವರ್ಷ ಜೂನ್‌ನಲ್ಲಿ ಲಂಡನ್ನಿನಲ್ಲಿ ಮಾರಿದರು. ಹರಾಜಿನ ಕೋಣೆಯಲ್ಲಿ ಬಣ್ಣದ ಪ್ರತಿಯೊಂದು ಕಣವೂ ಇತ್ತು. ಅಂಗಡಿಯಿಲ್ಲ, ಆ ವಾರವಿಲ್ಲ, ಕಾಲಮಟ್ಟವಿಲ್ಲ. ಹೀಗೆ ಕಳೆದುಹೋಗುವುದನ್ನು ಉಳಿಸುವುದೇ ನಿಮ್ಮ ಕೆಲಸ.

ಕೈಯಲ್ಲಿ ಏನಿರಬೇಕು

12 ಮೆಗಾಪಿಕ್ಸೆಲ್ಲಿನ ಫೋನ್ ಸಾಕು. ಜೊತೆಗೆ 5 ಮೀಟರಿನ ಅಳತೆ ಟೇಪು, 20 ಸೆಂಟಿಮೀಟರಿನ ಸ್ಕೇಲು, ಬಣ್ಣದ ಸಮತೋಲ ಸರಿಪಡಿಸಲು ಅಂಗೈಯಗಲದ ಬೂದು ಕಾರ್ಡು, ನೋಟ್‌ಬುಕ್ಕು, ಪೆನ್ಸಿಲ್ಲು. ಮಳೆಯಲ್ಲಿ ಪೆನ್ನಿನ ಶಾಯಿ ಹರಡುವುದರಿಂದ ಪೆನ್ಸಿಲ್ಲೇ ವಾಸಿ. ಪೋಲರೈಸರ್ ಫಿಲ್ಟರ್ ಕೊಳ್ಳುವ ಮುನ್ನ ಒಂದು ವಿಷಯ ತಿಳಿದಿರಲಿ: ಅದು ಓರೆಯಾಗಿ ನೋಡಿದಾಗಿನ ಹೊಳಪನ್ನು ಚೆನ್ನಾಗಿ ಕತ್ತರಿಸುತ್ತದೆ, ನೇರ ಎದುರು ನಿಂತಾಗ ಅಷ್ಟೇನೂ ಉಪಯೋಗಕ್ಕೆ ಬರುವುದಿಲ್ಲ. ಎನಾಮಲ್ ಬಣ್ಣದ ಹೊಳಪಿಗೆ ಮೋಡ ಕವಿದ ದಿನವೇ ಒಳ್ಳೆಯ ಮದ್ದು.

ಫೋಟೊಗಳ ಸರಣಿ

ದೂರದಿಂದ ಹತ್ತಿರಕ್ಕೆ ಬನ್ನಿ. ಈ ಕ್ರಮಕ್ಕೆ ಕಾರಣವಿದೆ: ಹತ್ತಿರ ಹೋದ ಮೇಲೆ ಕಣ್ಣು ಚಿತ್ರದೊಳಗೆ ಸಿಕ್ಕಿಕೊಂಡು ಸುತ್ತಲಿನದು ಮರೆತುಹೋಗುತ್ತದೆ.

ಮೊದಲನೆಯದು ರಸ್ತೆಯ ಆಚೆ ಬದಿಯಿಂದ: ಇಡೀ ಕಟ್ಟಡ, ನೆಲ, ಒಂದಿಷ್ಟು ಆಕಾಶ, ಬೋರ್ಡುಗಳು, ಕಂಬಗಳು ಎಲ್ಲ ಇರಲಿ. ಎರಡನೆಯದು ಜನ ನಡೆದುಬರುವ ದಾರಿಯಿಂದ, ಎಡಬಲ ಎರಡೂ ಕಡೆಯಿಂದ ಒಂದೊಂದು. ಚಿತ್ರ ಮೊದಲು ಕಣ್ಣಿಗೆ ಬೀಳುವ ಜಾಗದಲ್ಲಿ ನಿಂತು ತೆಗೆಯಿರಿ, ಯಾಕೆಂದರೆ ಕೆಲವು ಚಿತ್ರಗಳು ಒಂದೇ ಕೋನದಿಂದ ಕೂಡಿಕೊಳ್ಳುತ್ತವೆ. ಮೂರನೆಯದು ನೇರ ಎದುರಿನಿಂದ ಪೂರ್ತಿ ಚಿತ್ರ. ಆಮೇಲೆ ವಿವರಗಳು: ಸಹಿ, ಅಂಚುಗಳು, ಸೋರಿದ ಬಣ್ಣ, ಕೆಳಗಿನ ಪದರ ಇಣುಕುವ ಜಾಗ, ಪಕ್ಕದಲ್ಲಿ ಬೇರೆಯವರು ಗೀಚಿದ ಉತ್ತರ. ಸರಣಿಯ ಕೊನೆಯ ಫೋಟೊವನ್ನು ಬಹುತೇಕರು ಬಿಟ್ಟುಬಿಡುತ್ತಾರೆ. ಗೋಡೆಗೆ ಬೆನ್ನು ಮಾಡಿ ನಿಂತು ಎದುರಿಗಿರುವುದನ್ನು ತೆಗೆಯಿರಿ. ಚಿತ್ರ ಯಾರನ್ನು ನೋಡುತ್ತಿದೆ ಎನ್ನುವುದಕ್ಕೆ ಅದಕ್ಕಿಂತ ಗಟ್ಟಿ ಪುರಾವೆ ಇಲ್ಲ. ನ್ಯಾಯಾಲಯದ ಬಾಗಿಲಿಗೆ ಮುಖ ಮಾಡಿದ ಕಣ್ಣುಗಳಿಗೂ ಹಾಳುಬಿದ್ದ ಗೋದಾಮಿಗೆ ಮುಖ ಮಾಡಿದ ಅದೇ ಕಣ್ಣುಗಳಿಗೂ ಅರ್ಥ ಒಂದೇ ಆಗುವುದಿಲ್ಲ.

ನೇರ ಎದುರಿನ ಫೋಟೊದಲ್ಲೇ ಹೆಚ್ಚು ತಪ್ಪಾಗುವುದು. ಫೋನಿನ ಮುಖ್ಯ ಲೆನ್ಸಿನ ನೋಟ ಸಾಮಾನ್ಯವಾಗಿ ಹಳೆಯ ಫಿಲ್ಮ್ ಕ್ಯಾಮೆರಾದ 26 ಮಿಲಿಮೀಟರ್ ಲೆನ್ಸಿನ ನೋಟಕ್ಕೆ ಸಮವಾದದ್ದು. ಅಡ್ಡ ಹಿಡಿದರೆ ನೀವು ನಿಂತ ದೂರದ ಸುಮಾರು 1.4 ಪಟ್ಟು ಅಗಲ ಚೌಕಟ್ಟಿನೊಳಗೆ ಬರುತ್ತದೆ. 6 ಮೀಟರಿನ ಗೋಡೆಗೆ ಸುಮಾರು 4.5 ಮೀಟರು ಹಿಂದೆ ಸರಿಯಬೇಕು. ಜಾಗವಿದ್ದರೆ 9 ಮೀಟರಿಗೆ ಸರಿದು 2 ಪಟ್ಟು ಜೂಮ್ ಬಳಸಿ, ಗೆರೆಗಳು ಇನ್ನೂ ನೆಟ್ಟಗೆ ಬರುತ್ತವೆ. ಅಲ್ಟ್ರಾವೈಡ್ ಲೆನ್ಸು ಅಂಚಿನ ಅಕ್ಷರಗಳನ್ನು ಎಳೆದು ಹಿಗ್ಗಿಸುತ್ತದೆ, ದಾಖಲೆಗೆ ಬೇಡ. ಫೋನನ್ನು ಮೇಲಕ್ಕೆ ವಾಲಿಸಿದರೆ ಗೋಡೆ ಹಿಂದಕ್ಕೆ ಒರಗಿದಂತೆ ಬರುತ್ತದೆ. ಆಮೇಲೆ ಕಂಪ್ಯೂಟರಿನಲ್ಲಿ ನೆಟ್ಟಗೆ ಮಾಡಬಹುದು, ಆದರೆ ಮೇಲ್ಭಾಗದ ವಿವರ ಅಷ್ಟರಲ್ಲೇ ತೆಳುವಾಗಿರುತ್ತದೆ.

ಹಿಂದೆ ಸರಿಯಲು ಜಾಗವೇ ಇಲ್ಲದ ಗಲ್ಲಿಯಾದರೆ ಗೋಡೆಗೆ ಸಮಾನಾಂತರವಾಗಿ ಒಂದೊಂದೇ ಹೆಜ್ಜೆ ನಡೆಯುತ್ತಾ, ಪ್ರತಿ ಫೋಟೊದಲ್ಲೂ ಹಿಂದಿನದರ ಶೇಕಡ 60ರಿಂದ 70ರಷ್ಟು ಭಾಗ ಮತ್ತೆ ಬರುವಂತೆ ತೆಗೆಯಿರಿ. ನಿಂತಲ್ಲೇ ತಿರುಗಿ ಪನೋರಮಾ ತೆಗೆದರೆ ಗೋಡೆ ಬಿಲ್ಲಿನಂತೆ ಬಾಗುತ್ತದೆ, ಅಳತೆಗೆ ಬಾರದು. ಎಷ್ಟು ಹತ್ತಿರದಿಂದ ತೆಗೆಯಬೇಕು ಎನ್ನುವುದಕ್ಕೆ ಸುಲಭ ಲೆಕ್ಕವಿದೆ: 12 ಮೆಗಾಪಿಕ್ಸೆಲ್ ಫೋಟೊ ಸುಮಾರು 4000 ಪಿಕ್ಸೆಲ್ ಅಗಲ. ಚೌಕಟ್ಟಿನಲ್ಲಿ 4 ಮೀಟರು ಗೋಡೆಯಿದ್ದರೆ ಒಂದು ಮಿಲಿಮೀಟರಿಗೆ ಒಂದು ಪಿಕ್ಸೆಲ್. ಮಾರ್ಕರಿನ ದಪ್ಪ ಗೆರೆ ಓದಲು ಅಷ್ಟು ಸಾಕು. ಬಾಲ್‌ಪೆನ್ನಿನ ಬರಹಕ್ಕೆ ಸಾಲದು, ಅದಕ್ಕೆ ಒಂದು ಮೀಟರಿನ ಚೌಕಟ್ಟು ಬೇಕು.

ಬಿಳಿ ಗೋಡೆಯನ್ನು ಕ್ಯಾಮೆರಾ ಬೂದಾಗಿಸುತ್ತದೆ, ಹಾಗಾಗಿ ಎಕ್ಸ್‌ಪೋಷರ್ (ಫೋಟೊದ ಬೆಳಕಿನ ಮಟ್ಟ) 0.7ರಿಂದ 1ರಷ್ಟು ಏರಿಸಿ. ಕಪ್ಪು ಗೋಡೆಗೆ ಅಷ್ಟೇ ಇಳಿಸಿ. ಬೂದು ಕಾರ್ಡನ್ನು ಗೋಡೆಯ ಮೇಲೆ ಬೀಳುವ ಬೆಳಕಿನಲ್ಲೇ ಹಿಡಿದು ಒಂದು ಫೋಟೊ ತೆಗೆಯಿರಿ. ನೀವು ನೆರಳಲ್ಲಿ ನಿಂತು ಕಾರ್ಡು ಹಿಡಿದರೆ ಬಣ್ಣ ಹಳದಿಯ ಕಡೆ ತಪ್ಪುತ್ತದೆ. ಹಳೆಯ ಹಳದಿ ಸೋಡಿಯಂ ದೀಪದ ಕೆಳಗೆ ತೆಗೆದ ಫೋಟೊದಿಂದ ಬಣ್ಣವನ್ನು ಎಂದಿಗೂ ತೀರ್ಮಾನಿಸಬೇಡಿ. ಬೆಳಗಿನ ಅಥವಾ ಸಂಜೆಯ ಓರೆಬಿಸಿಲಿಗೆ ಮಾತ್ರ ಒಂದು ವಿಶೇಷ ಉಪಯೋಗವಿದೆ: ಪೋಸ್ಟರಿನ ಸುಕ್ಕು, ಹಳೆಯ ಬಣ್ಣದ ಉಬ್ಬು, ಮುಚ್ಚಿಹೋದ ಹೆಸರಿನ ಅಂಚು ಎಲ್ಲ ಎದ್ದು ಕಾಣುತ್ತವೆ.

ರೋಲಿಂಗ್ ಶಟರಿನ ಮೇಲಿನ ಚಿತ್ರ ಅಂಗಡಿ ತೆರೆದಿರುವಾಗ ಸುರುಳಿಯೊಳಗಿರುತ್ತದೆ. ಅದನ್ನು ನೋಡಲು ಮುಂಜಾನೆ ಅಥವಾ ರಜೆಯ ದಿನ ಹೋಗಬೇಕು. ಇಡೀ ಬೀದಿ ಒಮ್ಮೆಯಾದರೂ ಬಾಗಿಲು ಹಾಕಿರುವಾಗ ನಡೆದು ನೋಡದವರ ಪಟ್ಟಿಯಲ್ಲಿ ದೊಡ್ಡ ಖಾಲಿ ಉಳಿಯುತ್ತದೆ.

ಬರೆದುಕೊಳ್ಳಬೇಕಾದ್ದು

ಫೋಟೊ ಹೇಳದ್ದನ್ನು ನೋಟ್‌ಬುಕ್ಕು ಹೇಳಬೇಕು. ದಿನಾಂಕ, ಗಂಟೆ, ಜಾಗ. ಎತ್ತರದ ಕಟ್ಟಡಗಳ ನಡುವೆ ಜಿಪಿಎಸ್ ಹತ್ತಾರು ಮೀಟರು ತಪ್ಪುವುದರಿಂದ ‘ಮೂಲೆಯಿಂದ ಮೂರನೇ ಕಂಬದ ಹಿಂದೆ, ಉತ್ತರಕ್ಕೆ ಮುಖ’ ಎಂದು ಮಾತಿನಲ್ಲೂ ಬರೆಯಿರಿ. ಅಗಲ, ಎತ್ತರ, ಚಿತ್ರದ ಕೆಳ ಅಂಚು ನೆಲದಿಂದ ಎಷ್ಟು ಮೇಲೆ. ಗೋಡೆಗೆ ಟೇಪು ತಾಗಿಸಬೇಕಾಗಿಲ್ಲ: ಅಗಲವನ್ನು ನೆಲದ ಮೇಲೆ ಅಳೆಯಿರಿ, ಎತ್ತರಕ್ಕೆ ಗಾರೆ ಸೇರಿಸಿ ಒಂದು ಇಟ್ಟಿಗೆಯ ಎತ್ತರ ಅಳೆದು ವರಸೆಗಳನ್ನು ಎಣಿಸಿ. ಬರಹವಿದ್ದರೆ ಕಾಗುಣಿತದ ತಪ್ಪನ್ನೂ ತಿದ್ದದೆ, ಸಾಲು ಮುರಿದಲ್ಲೇ ಮುರಿದು ನಕಲು ಮಾಡಿ. ನಂತರ ಗೋಡೆಯ ಮೈ ಎಂಥದ್ದು: ಇಟ್ಟಿಗೆ, ಸಿಮೆಂಟ್ ಗಾರೆ, ಸುಣ್ಣ ಬಳಿದದ್ದು, ಲೋಹ, ಗಾಜು.

ಅಳತೆ ಯಾಕಿಷ್ಟು ಮುಖ್ಯ? 1983ರ ಸೆಪ್ಟೆಂಬರ್ 21ರಂದು ಅರ್ಜೆಂಟೀನಾದ ಬ್ಯೂನಸ್ ಐರಿಸ್‌ನಲ್ಲಿ ಸೈನಿಕ ಆಡಳಿತ ಇನ್ನೂ ಇರುವಾಗಲೇ, ಆ ಆಡಳಿತ ಹೊತ್ತೊಯ್ದು ಕಾಣೆಯಾದವರ ಹೆಸರಿನಲ್ಲಿ ಜನ ಪ್ಲಾಸಾ ದೆ ಮಾಯೊ ಚೌಕದಲ್ಲಿ ಕಾಗದದ ಮೇಲೆ ಮಲಗಿ ಒಬ್ಬರ ಮೈಸುತ್ತ ಇನ್ನೊಬ್ಬರು ಗೆರೆ ಎಳೆದು, ಆ ಆಕೃತಿಗಳನ್ನು ಸುತ್ತಲಿನ ಗೋಡೆಗಳಿಗೆ ಅಂಟಿಸಿದರು. ಆ ಆಕೃತಿಗಳು ಆಳೆತ್ತರ ಇದ್ದದ್ದೇ ಅವುಗಳ ಮಾತು: ಇಷ್ಟು ಜಾಗ ತುಂಬುತ್ತಿದ್ದ ಒಬ್ಬರು ಈಗ ಇಲ್ಲ. ಅಳತೆಯಿಲ್ಲದ ಫೋಟೊದಲ್ಲಿ ಅದು ಬರೀ ಹೊರಗೆರೆ.

ಗೋಡೆಯ ಒಡೆಯ ಯಾರು ಎಂಬುದೂ ಹಾಗೆಯೇ. ಬರ್ಲಿನ್ ಗೋಡೆಯ ಪಶ್ಚಿಮ ಮುಖಕ್ಕೆ 1984ರಿಂದ ಫ್ರೆಂಚ್ ಕಲಾವಿದ ತಿಯೆರಿ ನ್ವಾರ್ ಬಣ್ಣ ಹಚ್ಚತೊಡಗಿದ. ಗೋಡೆ ಗಡಿರೇಖೆಯಿಂದ ತುಸು ಒಳಗೆ, ಪೂರ್ವ ಜರ್ಮನಿಯ ನೆಲದಲ್ಲೇ ಇತ್ತು. ಅಲ್ಲಿ ನಿಂತವರನ್ನು ಪೂರ್ವದ ಗಡಿಪಡೆ ಹಿಡಿಯಬಹುದಿತ್ತು. ಹಾಗಾಗಿ ಅವಸರದಲ್ಲಿ ಮುಗಿಯುವ ಸರಳ ಮುಖಗಳು, ಎರಡು ಮೂರು ಬಣ್ಣ. ಚಿತ್ರದ ಶೈಲಿಯನ್ನೇ ನೆಲದ ಒಡೆತನ ತೀರ್ಮಾನಿಸಿತು. ನೀವು ದಾಖಲಿಸುವಾಗ ‘ಖಾಸಗಿ’, ‘ಸರ್ಕಾರಿ’ ಎಂದಷ್ಟೇ ಬರೆದು ಬಿಡದೆ, ಗೋಡೆ ಬಳಕೆಯಲ್ಲಿದೆಯೇ, ಕೆಡವಲು ಗುರುತಾಗಿದೆಯೇ, ಕಾವಲಿದೆಯೇ ಎಂದೂ ನೋಡಿ. ಅನುಮತಿ ಇತ್ತೋ ಇಲ್ಲವೋ ಎನ್ನುವುದನ್ನು ಊಹಿಸಿ ಬರೆಯಬೇಡಿ. ಪ್ರಾಯೋಜಕರ ಚಿಹ್ನೆ, ಅಟ್ಟಣಿಗೆ ಕಟ್ಟಿದ ಗುರುತು, ಗೋಡೆಗೆ ಮೊದಲು ಹಚ್ಚಿದ ಪ್ರೈಮರ್ ಹೀಗೆ ಕಣ್ಣಿಗೆ ಕಂಡ ಸಾಕ್ಷಿಯನ್ನು ಬರೆಯಿರಿ.

ಕೈಯ ಗುರುತು ಓದುವುದು

ಅವಸರವೋ ನಿಧಾನವೋ, ಒಬ್ಬರೋ ಹಲವರೋ ಎಂಬುದನ್ನು ಬಣ್ಣವೇ ಹೇಳುತ್ತದೆ. ಸ್ಪ್ರೇ ಡಬ್ಬಿ ಗೋಡೆಗೆ ಹತ್ತಿರವಿದ್ದರೆ ಗೆರೆ ತೆಳು, ಅಂಚು ಚೂಪು. ದೂರವಾದಷ್ಟೂ ಅಗಲವಾಗಿ ಮಂಜಾಗುತ್ತದೆ. ಹತ್ತಿರ ಹಿಡಿದು ಕೈ ನಿಧಾನಿಸಿದಲ್ಲಿ ಬಣ್ಣ ಸೋರುತ್ತದೆ. ಗೆರೆಯ ಆರಂಭ ಮತ್ತು ತಿರುವಿನಲ್ಲಿ ಮಾತ್ರ ಸೋರಿಕೆಯಿದ್ದರೆ ಕೈ ಹಿಂಜರಿದಿದೆ. ಎಲ್ಲ ಕಡೆ ಒಂದೇ ಸಮ ಇದ್ದರೆ ಅದು ಬೇಕೆಂದೇ ಮಾಡಿದ್ದು.

ಸ್ಟೆನ್ಸಿಲ್ಲಿನಲ್ಲಿ ಸೇತುವೆಗಳನ್ನು ಹುಡುಕಿ. ಕತ್ತರಿಸಿದ ಹಾಳೆಯಲ್ಲಿ ಮುಚ್ಚಿದ ಆಕಾರದ ನಡುಭಾಗ ಉದುರಿಹೋಗದಂತೆ ಬಿಡುವ ಸಣ್ಣ ಪಟ್ಟಿಗಳವು. ಕನ್ನಡದ ಅನುಸ್ವಾರದ ಸೊನ್ನೆಯನ್ನು ಸೇತುವೆಯಿಲ್ಲದೆ ಕತ್ತರಿಸಿದರೆ ಉಂಗುರದ ಬದಲು ತುಂಬಿದ ಚುಕ್ಕೆ ಮೂಡುತ್ತದೆ. ಕನ್ನಡ ಸ್ಟೆನ್ಸಿಲ್ ಮಾಡಿದವರು ಹೊಸಬರೇ ಎಂದು ತಿಳಿಯಲು ಅಲ್ಲಿ ನೋಡಿದರೆ ಸಾಕು. ಹಾಳೆ ಗೋಡೆಗೆ ಒತ್ತಿ ಕೂರದಿದ್ದಲ್ಲಿ ಬಣ್ಣ ಒಳಗೆ ನುಗ್ಗಿ ಅಂಚು ಮಸುಕಾಗಿರುತ್ತದೆ. ಎರಡು ಬಣ್ಣಗಳು ಒಂದಿಷ್ಟು ಜರುಗಿ ಕೂತಿದ್ದರೆ ಎರಡನೇ ಹಾಳೆ ಇಡುವಾಗ ಗುರುತು ತಪ್ಪಿದೆ ಎಂದರ್ಥ.

ಅಂಟಿಸಿದ ಕಾಗದವಾದರೆ ಜೋಡಣೆಯ ಗೆರೆಗಳನ್ನು ಅಳೆಯಿರಿ. 29.7 ಮತ್ತು 42 ಸೆಂಟಿಮೀಟರಿಗೆ ಸರಿಯಾಗಿ ಗೆರೆ ಬಿದ್ದಿದ್ದರೆ ಎ3 ಹಾಳೆಗಳಲ್ಲಿ ಸಾಧಾರಣ ಮುದ್ರಣ ಯಂತ್ರದಿಂದ ತೆಗೆದು ಜೋಡಿಸಿದ್ದು. ಕುಂಚದ ಉಬ್ಬು ಕಂಡರೆ ಕೈಯಲ್ಲಿ ಬರೆದ ಒಂದೇ ಪ್ರತಿ, ಅದನ್ನು ಮೊದಲು ದಾಖಲಿಸಿ. ಮೈದಾ ಅಂಟಿನ ಕಾಗದಕ್ಕೆ ಒಂದೆರಡು ಜೋರು ಮಳೆ ಸಾಕು. ಸುಣ್ಣದ ಗೋಡೆಯ ಮೇಲಿನ ಸ್ಪ್ರೇ ಬಣ್ಣ ತಾನು ಗಟ್ಟಿಯಿದ್ದರೂ ಕೆಳಗಿನ ಸುಣ್ಣ ಪುಡಿಯಾಗಿ ಅದರೊಂದಿಗೆ ಕಳಚುತ್ತದೆ. ಹೊಳೆಯುವ ಫ್ಲೋರೆಸೆಂಟ್ ಬಣ್ಣಗಳು ಬಿಸಿಲಿಗೆ ಎಲ್ಲಕ್ಕಿಂತ ಬೇಗ ಸೋಲುತ್ತವೆ, ಅಂಥ ಗೋಡೆಯನ್ನು ನಾಳೆಗೆ ಮುಂದೂಡಬೇಡಿ.

ಎತ್ತರವೂ ಮಾತಾಡುತ್ತದೆ. ಕೈಯೆತ್ತಿದರೆ ಸಾಮಾನ್ಯ ಆಳಿಗೆ 2 ಮೀಟರಿನಿಂದ ಸ್ವಲ್ಪ ಮೇಲಿನವರೆಗೆ ಎಟುಕುತ್ತದೆ. ಅದಕ್ಕಿಂತ ಮೇಲಿದ್ದರೆ ಏಣಿ, ಕೋಲಿಗೆ ಕಟ್ಟಿದ ರೋಲರ್, ಅಥವಾ ಮೇಲಿನಿಂದ ಬಾಗಿದ ಒಬ್ಬರು ಇದ್ದರು.

ಉದ್ದೇಶ ಗುರುತಿಸುವುದು

ಒಂದೇ ಗೋಡೆಯ ಮೇಲೆ ಮೂರು ಉದ್ದೇಶಗಳಿರಬಹುದು, ಆದ್ದರಿಂದ ‘ಪ್ರತಿಭಟನೆ’ ಎಂದು ಒಂದೇ ಚೀಟಿ ಅಂಟಿಸುವ ಅವಸರ ಬೇಡ. ಮೊದಲು ಕೇಳಬೇಕಾದ ಪ್ರಶ್ನೆ: ಇದನ್ನು ಯಾರು ಓದಬಲ್ಲರು?

ದಾರಿಹೋಕರಿಗೆ ಓದಲಾಗದಷ್ಟು ತಿರುಚಿದ ಹೆಸರಾದರೆ ಅದು ಗೋಡೆಗೆ ಹೆಸರು ಬರೆಯುವ ಇತರರಿಗಾಗಿ ಬರೆದದ್ದು. ನ್ಯೂಯಾರ್ಕಿನ 183ನೇ ಬೀದಿಯ ಹುಡುಗನೊಬ್ಬ ಕಾಗದಪತ್ರ ತಲುಪಿಸುವ ಕೆಲಸಕ್ಕೆ ಹೋದಲ್ಲೆಲ್ಲ ‘ಟಾಕಿ 183’ ಎಂದು ಬರೆಯುತ್ತಿದ್ದ. 1971ರ ಜುಲೈ 21ರಂದು ನ್ಯೂಯಾರ್ಕ್ ಟೈಮ್ಸ್ ಅವನ ಬಗ್ಗೆ ಬರೆದ ಮೇಲೆ ಹೆಸರು ಬರೆಯುವವರ ಸಂಖ್ಯೆ ಇನ್ನಷ್ಟು ಹೆಚ್ಚಿತು. ಇಂಥ ಬರಹದಲ್ಲಿ ಒಂದು ಫೋಟೊಗೆ ಬೆಲೆಯಿಲ್ಲ; ಎಲ್ಲೆಲ್ಲಿ ಬಂತು ಎಂಬ ನಕ್ಷೆಯೇ ಕೃತಿ. ಸಿಡ್ನಿಯಲ್ಲಿ ಆರ್ಥರ್ ಸ್ಟೇಸ್ 1932ರಿಂದ 1967ರಲ್ಲಿ ತೀರಿಕೊಳ್ಳುವ ಸುಮಾರಿನವರೆಗೆ ಹಳದಿ ಸೀಮೆಸುಣ್ಣದಲ್ಲಿ ‘ಇಟರ್ನಿಟಿ’ ಎಂಬ ಒಂದೇ ಪದವನ್ನು ಕಾಲುದಾರಿಗಳ ಮೇಲೆ ಬರೆಯುತ್ತಾ ಹೋದ. ಅದು ಹೆಸರಿಗಾಗಿ ಬರೆದದ್ದಲ್ಲ, ಧರ್ಮದ ಕರೆ. ಎರಡರಲ್ಲೂ ಒಂದೇ ಪದ ಮತ್ತೆ ಮತ್ತೆ ಬರುತ್ತದೆ, ಆದರೆ ಸ್ಟೇಸ್‌ನ ಅಕ್ಷರ ಯಾರಿಗಾದರೂ ಓದಲು ಬರುವಂಥ ದುಂಡಗಿನ ಕೈಬರಹ. ಓದುಗ ಯಾರು ಎಂಬ ಪ್ರಶ್ನೆ ಇವೆರಡನ್ನು ಬೇರ್ಪಡಿಸುತ್ತದೆ.

ಎಲ್ಲರಿಗೂ ಓದಲು ಬರುವಂಥದ್ದಾದರೆ ಎರಡನೆಯ ಪ್ರಶ್ನೆ: ಯಾವುದರ ಮೇಲೆ ಬರೆದಿದೆ? 1980ರ ದಶಕದ ಮೊದಲ ವರ್ಷಗಳಲ್ಲಿ ಕಲಾವಿದ ಕೀತ್ ಹ್ಯಾರಿಂಗ್ ನ್ಯೂಯಾರ್ಕಿನ ಸಬ್‌ವೇ ನಿಲ್ದಾಣಗಳಲ್ಲಿ ಜಾಹೀರಾತಿನ ಅವಧಿ ಮುಗಿದಾಗ ಅಂಟಿಸುತ್ತಿದ್ದ ಕಪ್ಪು ಕಾಗದದ ಮೇಲೆ ಬಿಳಿ ಸೀಮೆಸುಣ್ಣದಿಂದ ಬರೆದ. ಖಾಲಿಬಿದ್ದ ಜಾಗ, ಕಾಯುತ್ತಾ ನಿಂತ ಜನ, ಹೊಸ ಜಾಹೀರಾತು ಬಂದೊಡನೆ ಅಳಿಯುವ ಚಿತ್ರ. ಸಿಡ್ನಿಯಲ್ಲಿ 1979ರಲ್ಲಿ ಶುರುವಾದ ಬುಗಾ ಅಪ್ ಗುಂಪು ಇದಕ್ಕೆ ತದ್ವಿರುದ್ಧ: ಚಾಲ್ತಿಯಲ್ಲಿದ್ದ ತಂಬಾಕು ಜಾಹೀರಾತಿನ ಅಕ್ಷರಗಳನ್ನೇ ಸ್ಪ್ರೇಯಿಂದ ತಿದ್ದಿ ಅದು ತನ್ನ ವಿರುದ್ಧವೇ ಮಾತಾಡುವಂತೆ ಮಾಡಿತು. ಇಂಥದ್ದನ್ನು ದಾಖಲಿಸುವಾಗ ತಿದ್ದದ ಮೂಲ ಜಾಹೀರಾತು ಬೇರೆಡೆ ಸಿಕ್ಕರೆ ಅದನ್ನೂ ತೆಗೆಯಿರಿ. ಜೋಡಿಯಿಲ್ಲದೆ ತಿದ್ದಿದ್ದು ಎಷ್ಟು ಎಂದು ಯಾರಿಗೂ ತಿಳಿಯದು.

ಮೂರನೆಯದು, ಅಳಿಸುವವರು ಏನು ಮಾಡಬೇಕಾಗುತ್ತದೆ? 2006ರಲ್ಲಿ ಬ್ರೆಜಿಲ್‌ನ ಸಾವೊ ಪೌಲೊದ ಸುರಂಗ ರಸ್ತೆಯೊಂದರಲ್ಲಿ ಕಲಾವಿದ ಅಲೆಕ್ಸಾಂಡ್ರೆ ಒರಿಯನ್ ಬಣ್ಣವನ್ನೇ ಮುಟ್ಟಲಿಲ್ಲ. ಗೋಡೆಗೆ ಹತ್ತಿದ ವಾಹನಗಳ ಮಸಿಯನ್ನು ಬಟ್ಟೆಯಿಂದ ಒರೆಸಿ ತಲೆಬುರುಡೆಗಳ ಸಾಲು ಮೂಡಿಸಿದ. ಒರೆಸುವುದು ಅಪರಾಧವಲ್ಲವಾದ್ದರಿಂದ ಅವನನ್ನು ತಡೆಯಲು ದಾರಿಯಿರಲಿಲ್ಲ. ಚಿತ್ರ ತೆಗೆಯಬೇಕಾದರೆ ಆಡಳಿತ ಗೋಡೆಯ ಮಸಿಯನ್ನೇ ತೊಳೆಯಬೇಕಾಯಿತು. ಗೋಡೆ ತೊಳೆಸುವುದೇ ಅಲ್ಲಿನ ಗುರಿಗಳಲ್ಲಿ ಒಂದೆಂದು ಓದಲು ಅಡ್ಡಿಯಿಲ್ಲ.

ವ್ಯಾಪಾರದ ವೇಷವನ್ನೂ ಗಮನಿಸಿ. ಕೇಳದೆ ಬರೆದಂತೆ ಕಾಣುವ ಜಾಹೀರಾತುಗಳಿವೆ. 2001ರಲ್ಲಿ ಐಬಿಎಂ ಕಂಪನಿಯ ಪರವಾಗಿ ಸ್ಯಾನ್ ಫ್ರಾನ್ಸಿಸ್ಕೊ ಮತ್ತು ಶಿಕಾಗೊದ ಕಾಲುದಾರಿಗಳ ಮೇಲೆ ಶಾಂತಿಯ ಚಿಹ್ನೆ, ಹೃದಯ, ಪೆಂಗ್ವಿನ್‌ಗಳ ಸ್ಟೆನ್ಸಿಲ್ ಬಂದವು. ಒಂದೇ ವಾರದಲ್ಲಿ ಹಲವು ಕಡೆ, ಒಂದೇ ಅಳತೆಯಲ್ಲಿ, ತಪ್ಪೇ ಇಲ್ಲದೆ ಕಾಣಿಸಿಕೊಂಡ ಚಿತ್ರದ ಹಿಂದೆ ದುಡ್ಡಿದೆಯೇ ಎಂದು ಸಂಶಯಪಡುವುದು ನ್ಯಾಯ.

ಮತ್ತೆ ಮತ್ತೆ ಹೋಗಿ

ಮೊದಲ ದಿನ, ವಾರದ ನಂತರ, ತಿಂಗಳ ನಂತರ, ಮೂರು ತಿಂಗಳ ನಂತರ ಅದೇ ಜಾಗದಿಂದ ತೆಗೆಯಿರಿ. ಅದೇ ಜಾಗ ಎಂದರೆ ಅಂದಾಜಿನದಲ್ಲ: ಹತ್ತಿರದ ಕಂಬವೊಂದು ದೂರದ ಕಿಟಕಿಯ ಎಡ ಅಂಚಿಗೆ ಸರಿಯಾಗಿ ಕೂರುವ ಕಡೆ ನಿಂತು ಆ ಜೋಡಿಯನ್ನು ಬರೆದಿಟ್ಟುಕೊಳ್ಳಿ. ಮಳೆಯ ನಂತರ, ಚುನಾವಣೆಯ ಹೊತ್ತಿನಲ್ಲಿ, ದೊಡ್ಡ ಅತಿಥಿಗಳು ಬಂದುಹೋಗುವ ದಿನಗಳಲ್ಲಿ ಹೆಚ್ಚುವರಿಯಾಗಿ ಒಂದು ಸುತ್ತು ಹಾಕಿ, ಗೋಡೆಗಳು ಹೆಚ್ಚು ಬದಲಾಗುವುದು ಆಗಲೇ.

ಚಿತ್ರ ಹೋದ ಮೇಲೂ ಹೋಗಿ. ಮುಚ್ಚಿದ ಬಣ್ಣ ಗೋಡೆಯ ಬಣ್ಣಕ್ಕೆ ಹೊಂದದೆ ಚೌಕಾಕಾರದ ಬೂದು ತೇಪೆಯಾಗಿ ಉಳಿಯುತ್ತದೆ. ಆ ತೇಪೆ ಅಳಿಸಿದವರ ಬರಹ. ಇಡೀ ಗೋಡೆಯನ್ನು ಮುಚ್ಚಿದ್ದಾರೆಯೇ, ಒಂದು ಪದವನ್ನು ಮಾತ್ರವೇ, ಹೂವನ್ನು ಬಿಟ್ಟು ಹೆಸರನ್ನಷ್ಟೇ ಮುಚ್ಚಿದ್ದಾರೆಯೇ ಎಂದು ನೋಡಿದರೆ ಆಡಳಿತಕ್ಕೆ ಯಾವುದು ಚುಚ್ಚಿತು ಎಂದು ತಿಳಿಯುತ್ತದೆ. ನೂರು ಗೋಡೆಗಳ ದಾಖಲೆಯಲ್ಲಿ ಎಷ್ಟು ಬೇಗ ಅಳಿಸಿದರು ಎಂಬ ಅಂಕಣ ಚಿತ್ರಗಳಷ್ಟೇ ಮಾತಾಡುತ್ತದೆ.

ಯಾರಿಗೂ ಕೇಡಾಗದಂತೆ

ಬರೆಯುತ್ತಿರುವವರು ಸಿಕ್ಕರೆ ಮುಖ, ಬಟ್ಟೆ, ವಾಹನ ಯಾವುದೂ ಫೋಟೊದಲ್ಲಿ ಬೇಡ. ಗಾಜಿನಲ್ಲಿ ಬಿದ್ದ ಪ್ರತಿಬಿಂಬವನ್ನೂ ನೋಡಿಕೊಳ್ಳಿ. ಅನೇಕ ಕಡೆ ಇದು ದಂಡ ಅಥವಾ ಸೆರೆಯ ವಿಷಯ. ಒಂದೇ ಸಹಿಯ ಹಲವು ಗೋಡೆಗಳನ್ನು ದಿನಾಂಕ, ಗಂಟೆ, ಜಾಗದ ಸಮೇತ ಪ್ರಕಟಿಸಿದರೆ ಎಲ್ಲವನ್ನೂ ಒಬ್ಬರ ತಲೆಗೆ ಕಟ್ಟಲು ಸಿದ್ಧ ಪಟ್ಟಿ ಕೊಟ್ಟಂತಾಗುತ್ತದೆ. ಆದ್ದರಿಂದ ಎರಡು ಪ್ರತಿ ಇಡಿ: ಎಲ್ಲ ಮಾಹಿತಿಯಿರುವ ಮೂಲ ನಿಮ್ಮ ಬಳಿ, ಜಿಪಿಎಸ್ ಮತ್ತು ಸಮಯವನ್ನು ಅಳಿಸಿದ ಪ್ರತಿ ಹೊರಗೆ. ಹೊಸ ಚಿತ್ರಗಳನ್ನು ಕೆಲವು ತಿಂಗಳು ತಡೆದು ಪ್ರಕಟಿಸಿ. ಫೋಟೊ ಕಳಿಸುವ ಆ್ಯಪ್‌ಗಳು ಮಾಹಿತಿ ಅಳಿಸುತ್ತವೆ ಎಂದು ನಂಬಿ ಕೂರಬೇಡಿ, ಅದೇ ಫೋಟೊವನ್ನು ಡಾಕ್ಯುಮೆಂಟ್ ಆಗಿ ಕಳಿಸಿದರೆ ಎಲ್ಲವೂ ಉಳಿದಿರುತ್ತದೆ.

ಗೋಡೆಯನ್ನು ಮುಟ್ಟಬೇಡಿ, ಮಸುಕು ತಿಳಿಯಾಗಲೆಂದು ನೀರು ಎರಚಬೇಡಿ, ಅರ್ಧ ಕಿತ್ತ ಕಾಗದವನ್ನು ಪೂರ್ತಿ ಕಿತ್ತು ಮನೆಗೆ ಒಯ್ಯಬೇಡಿ. ರೈಲು ಹಳಿಯ ಪಕ್ಕದ ಗೋಡೆಗೆ ಪ್ಲಾಟ್‌ಫಾರ್ಮ್‌ನಿಂದ ಕಾಣುವಷ್ಟೇ ಸಾಕು. ಜಾತಿ, ಧರ್ಮ, ಬಣ್ಣದ ಹೆಸರಿನಲ್ಲಿ ಬೆದರಿಸುವ ಬರಹ ಸಿಕ್ಕರೆ ದಾಖಲಿಸಿ, ಆದರೆ ಹಂಚಬೇಡಿ. ಗೋಡೆಯ ಒಡೆಯರಿಗೆ ತಿಳಿಸಿ. ಅದನ್ನು ಇನ್ನಷ್ಟು ಕಣ್ಣಿಗೆ ತಲುಪಿಸುವುದು ಬರೆದವರ ಕೆಲಸವನ್ನು ನಾವೇ ಮುಂದುವರಿಸಿದಂತೆ.

ಕೇಳದೆ ಬರೆದದ್ದು ಎಂಬ ಕಾರಣಕ್ಕೆ ಚಿತ್ರ ಯಾರದ್ದೂ ಅಲ್ಲ ಎಂದು ಭಾವಿಸುವುದು ತಪ್ಪು. 2018ರಲ್ಲಿ ಎಚ್ ಆ್ಯಂಡ್ ಎಂ ಬಟ್ಟೆ ಕಂಪನಿ ಅಂಥ ವಾದದೊಂದಿಗೆ ಕಲಾವಿದ ರೆವೊಕ್ ವಿರುದ್ಧ ನ್ಯಾಯಾಲಯಕ್ಕೆ ಹೋಗಿ, ಕಲಾವಿದರ ಬಹಿಷ್ಕಾರದ ಕೂಗು ಎದ್ದ ಮೇಲೆ ದಾವೆಯನ್ನು ಹಿಂತೆಗೆದುಕೊಂಡಿತು. ಅಧ್ಯಯನದ ದಾಖಲೆ ಒಂದು, ಅಂಗಿಯ ಮೇಲೆ ಮುದ್ರಿಸಿ ಮಾರುವುದು ಇನ್ನೊಂದು.

ಕಡತ

ಕಡತದ ಹೆಸರು ವರ್ಷದಿಂದ ಶುರುವಾಗಲಿ: 2024-03-15, ಆಮೇಲೆ ಬೀದಿ, ಗೋಡೆಯ ಸಂಖ್ಯೆ, ಫೋಟೊದ ಕ್ರಮಸಂಖ್ಯೆ. ಹೀಗಿದ್ದರೆ ತಾನಾಗಿ ಕಾಲಕ್ರಮದಲ್ಲಿ ಕೂರುತ್ತವೆ. ಸಂಖ್ಯೆಯನ್ನು ಚಿತ್ರಕ್ಕೆ ಕೊಡದೆ ಗೋಡೆಗೆ ಕೊಡಿ, ಆಗ ಒಂದರ ಮೇಲೊಂದು ಬಂದ ಚಿತ್ರಗಳೆಲ್ಲ ಒಂದೇ ಕಡತದಲ್ಲಿ ಸೇರುತ್ತವೆ. ಮೂಲ ಫೋಟೊವನ್ನು ತಿದ್ದದೆ ಇಟ್ಟು, ನೆಟ್ಟಗೆ ಮಾಡಿದ್ದನ್ನು ಬೇರೆ ಹೆಸರಿನಲ್ಲಿ ಉಳಿಸಿ. ಮೂರು ಪ್ರತಿ, ಎರಡು ಬಗೆಯ ಸಾಧನ, ಅದರಲ್ಲೊಂದು ಬೇರೆ ಕಟ್ಟಡದಲ್ಲಿ. ನೋಟ್‌ಬುಕ್ಕಿನ ಪುಟಗಳನ್ನೂ ಅದೇ ಸಂಜೆ ಫೋಟೊ ತೆಗೆದು ಆಯಾ ಗೋಡೆಯ ಕಡತಕ್ಕೆ ಸೇರಿಸಿ. ನೆನಪು ಹಸಿಯಾಗಿರುವಾಗಲೇ ಅಸ್ಪಷ್ಟ ಅಕ್ಷರಗಳನ್ನು ಬಿಡಿಸಿ ಬರೆಯಲು ಅದೊಂದೇ ಹೊತ್ತು.